ಐಡ್ಲಿಂಗ್ ಹೊಂದಾಣಿಕೆ: ಹಳೆಯ ಇಂಜೆಕ್ಷನ್ ಎಂಜಿನುಗಳಲ್ಲಿ

ಗಾಡಿ ನಿಂತು, ಗೇರ್ ನ್ಯೂಟ್ರಲ್‌ನಲ್ಲಿದ್ದು, ಆಕ್ಸಿಲರೇಟರ್ ಮೇಲೆ ಕಾಲಿಲ್ಲದಾಗಲೂ ಎಂಜಿನ್ ತನ್ನಷ್ಟಕ್ಕೆ ತಿರುಗುತ್ತಿರುವುದೇ ಐಡ್ಲಿಂಗ್. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತದೆ, ಎ.ಸಿ. ಹಾಕಿದೊಡನೆ ನಡುಗುತ್ತದೆ. ಹೆಚ್ಚಾದರೆ ಪೆಟ್ರೋಲ್ ಪೋಲು. ಆಟೊಮ್ಯಾಟಿಕ್ ಗೇರಿನ ಗಾಡಿಯಾದರೆ ಬ್ರೇಕ್ ಬಿಟ್ಟ ತಕ್ಷಣ ಮುಂದಕ್ಕೆ ನುಗ್ಗುತ್ತದೆ.

ಕಾರ್ಬೊರೇಟರ್ ಗಾಡಿಗಳಲ್ಲಿ ಇದನ್ನು ಸರಿಮಾಡಲು ಎರಡು ಸ್ಕ್ರೂಗಳಿದ್ದವು. ಒಂದು, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತಗಡಾದ ಬಟರ್‌ಫ್ಲೈಯನ್ನು ತುಸು ತೆರೆದಿಡುತ್ತಿತ್ತು, ಇನ್ನೊಂದು ಪೆಟ್ರೋಲ್ ಮತ್ತು ಗಾಳಿಯ ಪ್ರಮಾಣವನ್ನು ತಿದ್ದುತ್ತಿತ್ತು. ಅನುಭವಸ್ಥ ಮೆಕ್ಯಾನಿಕ್ ಸದ್ದು ಕೇಳಿಯೇ ಎರಡನ್ನೂ ಕೂಡಿಸುತ್ತಿದ್ದ. ಇಂಜೆಕ್ಷನ್ ಎಂಜಿನಿಗೆ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಒಳಗೆ ಹೋಗುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡಲಾಗುತ್ತದೆ. ಹಾಗಾಗಿ ಐಡ್ಲಿಂಗ್ ಏರಿಸುವುದೆಂದರೆ ಗಾಳಿ ಹೆಚ್ಚಿಸುವುದು, ಅಷ್ಟೇ. ಥ್ರಾಟಲ್ ಬಾಡಿಯಲ್ಲಿ ಮುಚ್ಚಿದ ಬಟರ್‌ಫ್ಲೈಯ ಪಕ್ಕದಿಂದ ಹಾಯುವ ಒಂದು ಕಿರುದಾರಿ ಇರುತ್ತದೆ. ಏರ್ ಸ್ಕ್ರೂ ಆ ದಾರಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ: ಹೊರಕ್ಕೆ ಬಿಚ್ಚಿದರೆ ಸುತ್ತು ಏರುತ್ತದೆ, ಒಳಕ್ಕೆ ಬಿಗಿದರೆ ಇಳಿಯುತ್ತದೆ.

ಅದೇ ಥ್ರಾಟಲ್ ಬಾಡಿಯಲ್ಲಿ ಬಟರ್‌ಫ್ಲೈ ತಾಗಿ ನಿಲ್ಲುವ ಇನ್ನೊಂದು ಸ್ಕ್ರೂ ಇರುತ್ತದೆ. ಅನೇಕ ಗಾಡಿಗಳಲ್ಲಿ ಕಾರ್ಖಾನೆಯವರೇ ಅದರ ತಲೆಗೆ ಬಣ್ಣ ಬಳಿದು ಮುದ್ರೆ ಹಾಕಿರುತ್ತಾರೆ. ಹಳೆಯ ಗಾಡಿಗಳಲ್ಲಿ ಕಾಣುವ ಐಡ್ಲಿಂಗ್ ತೊಂದರೆಗಳಲ್ಲಿ ಸಾಕಷ್ಟು ಹುಟ್ಟುವುದು ಈ ಮುದ್ರೆ ಒಡೆದ ಕೈಗಳಿಂದಲೇ. ಬಟರ್‌ಫ್ಲೈ ಪೂರ್ತಿ ಮುಚ್ಚಿದೆ ಎಂದು ಎಂಜಿನಿನ ನಿಯಂತ್ರಕ ಕಂಪ್ಯೂಟರಾದ ಇಸಿಯುಗೆ ತಿಳಿಸುವುದು ಅದರ ದಂಡಕ್ಕೆ ಸೇರಿಸಿದ ಸ್ವಿಚ್ಚು. ಸ್ಕ್ರೂ ತಿರುಗಿಸಿ ಬಟರ್‌ಫ್ಲೈಯನ್ನು ಕೂದಲೆಳೆಯಷ್ಟು ಎತ್ತಿದರೂ ಆ ಸ್ವಿಚ್ಚು ಮುಚ್ಚದೆ ಹೋಗಬಹುದು. ಆಗ ಡ್ರೈವರ್ ಇನ್ನೂ ಆಕ್ಸಿಲರೇಟರ್ ಒತ್ತಿದ್ದಾನೆಂದೇ ಇಸಿಯು ತಿಳಿದು ಐಡ್ಲಿಂಗ್ ನಿಯಂತ್ರಣವನ್ನೇ ಕೈಬಿಡುತ್ತದೆ.

ಇಂಜೆಕ್ಷನ್ ಹಳೆಯದಾದಷ್ಟೂ ಏರ್ ಸ್ಕ್ರೂವಿನ ಅಧಿಕಾರ ಹೆಚ್ಚು. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂತು. ಕೆ-ಜೆಟ್ರಾನಿಕ್ ಮತ್ತು ಎಲ್-ಜೆಟ್ರಾನಿಕ್ 1970ರ ದಶಕದವು. ಈ ಪೀಳಿಗೆಯಲ್ಲಿ ಬಿಸಿ ಎಂಜಿನಿನ ಐಡ್ಲಿಂಗ್ ಪೂರಾ ಸ್ಕ್ರೂವಿನದೇ ಕೆಲಸ. ತಣ್ಣಗಿರುವಾಗ ಬೇಕಾದ ಹೆಚ್ಚುವರಿ ಗಾಳಿಯನ್ನು ಬೇರೊಂದು ವಾಲ್ವು ಕೊಟ್ಟು, ಬಿಸಿಯೇರಿದಂತೆ ತಾನೇ ಮುಚ್ಚಿಕೊಳ್ಳುತ್ತದೆ. 1980ರ ದಶಕದಿಂದ ಇಸಿಯು ಆಳುವ ಐಡಲ್ ವಾಲ್ವು ಸಾಮಾನ್ಯವಾಯಿತು. ಆಗಲೂ ಸ್ಕ್ರೂ ಉಳಿಯಿತು, ಆದರೆ ಅದು ತಳಮಟ್ಟವನ್ನು ಮಾತ್ರ ಗೊತ್ತು ಮಾಡುತ್ತದೆ. ಅಲ್ಲಿಂದ ಮೇಲೆ ಕೆಳಗೆ ತೂಗಿಸುವುದು ವಾಲ್ವಿನ ಪಾಲು.

ಈ ನಡುಗಾಲದ ಗಾಡಿಗಳಲ್ಲಿ ಸುಮ್ಮನೆ ಸ್ಕ್ರೂ ತಿರುಗಿಸಿದರೆ ಏನೂ ಆಗದಿರುವುದೇ ಹೆಚ್ಚು. ನೀವು ಗಾಳಿ ಹೆಚ್ಚಿಸಿದಷ್ಟನ್ನೂ ಇಸಿಯು ವಾಲ್ವಿನಲ್ಲಿ ಕಡಿಮೆ ಮಾಡಿಬಿಡುತ್ತದೆ, ಕೊನೆಗೆ ವಾಲ್ವಿಗೆ ಇನ್ನು ಮುಚ್ಚಲು ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಮೊದಲು ಇಸಿಯುವಿನ ಕೈ ಕಟ್ಟಬೇಕು. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5ರ 1.6 ಲೀಟರ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಬಾನೆಟ್ ಕೆಳಗಿನ ಡಯಾಗ್ನೊಸಿಸ್ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಎಂದು ಬರೆದ ಎರಡು ತೂತುಗಳನ್ನು ಒಂದು ತುಂಡು ವೈರಿನಿಂದ ಸೇರಿಸುತ್ತಾರೆ. ಪಕ್ಕದ ತೂತಿಗೆ ತಾಗದಂತೆ ಎಚ್ಚರ ಬೇಕು. ಆಗ ಇಸಿಯು ತಿದ್ದುಪಡಿ ನಿಲ್ಲಿಸುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿದ್ದು, ಎ.ಸಿ., ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್ ಎಲ್ಲವೂ ನಿಂತಿರುವಾಗ ಮೊದಲು ಇಗ್ನಿಷನ್ ಟೈಮಿಂಗ್ 10 ಡಿಗ್ರಿಗೆ ಇದೆಯೇ ಎಂದು ನೋಡಿ, ಬಳಿಕ ಥ್ರಾಟಲ್ ಬಾಡಿಯ ಏರ್ ಸ್ಕ್ರೂ ತಿರುಗಿಸಿ 850 ಸುತ್ತಿಗೆ ತರುತ್ತಾರೆ. 50 ಅತ್ತಿತ್ತ ಆದರೆ ಚಿಂತೆಯಿಲ್ಲ. ಟೈಮಿಂಗ್ ಮೊದಲು ನೋಡುವುದಕ್ಕೆ ಕಾರಣವುಂಟು: ಅದು ಸರಿದರೆ ಗಾಳಿ ಅಷ್ಟೇ ಇದ್ದರೂ ಸುತ್ತು ಬದಲಾಗುತ್ತದೆ. ಇದೇ ಕೆಲಸಕ್ಕೆ ಟೊಯೋಟಾದ ಅನೇಕ ಮಾದರಿಗಳಲ್ಲಿ ಟಿಇ1 ಮತ್ತು ಇ1 ಸೇರಿಸುತ್ತಾರೆ. 1990ರ ದಶಕದ ಹೋಂಡಾ ಸಿವಿಕ್‌ನಲ್ಲಿ ಐಡಲ್ ವಾಲ್ವಿನ ಪ್ಲಗ್ಗನ್ನೇ ಕಿತ್ತು ತಳಮಟ್ಟ ಹೊಂದಿಸುತ್ತಾರೆ. ಒಂದು ಗಾಡಿಯ ಕ್ರಮ ಇನ್ನೊಂದಕ್ಕೆ ಒಗ್ಗುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತಾ ಈ ಕೆಲಸ ಮಾಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ.

ಸ್ಕ್ರೂ ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ನಿನ್ನೆಯವರೆಗೆ ಸರಿಯಿದ್ದ ಐಡ್ಲಿಂಗ್ ಇಂದೇಕೆ ಕೆಟ್ಟಿತು? ಸ್ಕ್ರೂ ತಾನಾಗಿ ತಿರುಗುವುದು ಅಪರೂಪ. ಸುತ್ತು ನಿಧಾನವಾಗಿ ಇಳಿಯುತ್ತಾ ಬಂದಿದ್ದರೆ ಕಾರಣ ಬಹುತೇಕ ಮಸಿ: ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿ ಬಟರ್‌ಫ್ಲೈಯ ಅಂಚಿನಲ್ಲೂ ಐಡಲ್ ವಾಲ್ವಿನಲ್ಲೂ ಕಟ್ಟಿ ಗಾಳಿಯ ದಾರಿಯನ್ನು ಕಿರಿದಾಗಿಸುತ್ತದೆ. ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿದರೆ ಹೊಂದಾಣಿಕೆಯ ಅಗತ್ಯವೇ ಬೀಳದಿರಬಹುದು.

ಇನ್ನೊಂದು ಕಾರಣ ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್ ಅಥವಾ ಗ್ಯಾಸ್ಕೆಟ್. ಇದರ ಲಕ್ಷಣ ಗಾಳಿ ಅಳೆಯುವ ಬಗೆಯನ್ನು ಅವಲಂಬಿಸಿದೆ. ಡಿ-ಜೆಟ್ರಾನಿಕ್‌ನಂತೆ ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ ಎಂಜಿನಿನಲ್ಲಿ ಸೋರಿ ಒಳಬಂದ ಗಾಳಿಯೂ ಲೆಕ್ಕಕ್ಕೆ ಸಿಗುತ್ತದೆ, ಪೆಟ್ರೋಲೂ ಸಿಗುತ್ತದೆ, ಸುತ್ತು ಏರುತ್ತದೆ. ಎಲ್-ಜೆಟ್ರಾನಿಕ್ ಅಥವಾ ಎಂಎಕ್ಸ್-5ರಂತೆ ಮುಂದೆಯೇ ಏರ್ ಫ್ಲೋ ಮೀಟರ್ ಇರುವ ಕಡೆ, ಮೀಟರ್ ದಾಟಿದ ಮೇಲೆ ನುಸುಳಿದ ಗಾಳಿಗೆ ಪೆಟ್ರೋಲ್ ಸಿಗದೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಹೋಸುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಸುಕಿ ಸದ್ದು ಬದಲಾಗುವುದೇ ಎಂದು ನೋಡುವುದು ಹಳೆಯ, ಕಾಸು ಖರ್ಚಿಲ್ಲದ ಪರೀಕ್ಷೆ.

ಸುತ್ತು ಉಸಿರಾಟದಂತೆ ಏರಿ ಇಳಿಯುವ ಹಂಟಿಂಗ್ ಇನ್ನೂ ಸ್ವಾರಸ್ಯದ್ದು. ಬಟರ್‌ಫ್ಲೈ ಮುಚ್ಚಿದೆ, ಆದರೂ ಸುತ್ತು ಹೆಚ್ಚಿದೆ ಎಂದಾದರೆ ಗಾಡಿ ಇಳಿಜಾರಿನಲ್ಲಿ ಇಳಿಯುತ್ತಿದೆಯೆಂದು ಇಸಿಯು ಭಾವಿಸಿ ಇಂಜೆಕ್ಟರುಗಳನ್ನು ಬಂದ್ ಮಾಡುತ್ತದೆ. ಸುತ್ತು ಬೀಳುತ್ತದೆ, ಆಫ್ ಆಗದಿರಲೆಂದು ಮತ್ತೆ ಪೆಟ್ರೋಲ್ ಬಿಡುತ್ತದೆ, ಹೆಚ್ಚಿನ ಗಾಳಿ ಹಾಗೆಯೇ ಇರುವುದರಿಂದ ಸುತ್ತು ಮತ್ತೆ ಏರುತ್ತದೆ. ಎಲ್ಲಿಂದಲೋ ಬರುತ್ತಿರುವ ಆ ಗಾಳಿಯನ್ನು ತಡೆಯುವವರೆಗೂ ಇದು ನಿಲ್ಲದು.

ಭಾರತದಲ್ಲಿ ಪೆಟ್ರೋಲ್ ಕಾರುಗಳು ಕಾರ್ಬೊರೇಟರ್ ಬಿಟ್ಟು, ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ ಎಂಪಿಎಫ್‌ಐಗೆ ಹೊರಳಿದ್ದು ಬಹುಮಟ್ಟಿಗೆ 2000ದ ಆಚೀಚೆ, ಹೊಗೆಯ ನಿಯಮಗಳು ಬಿಗಿಯಾದಾಗ. ಆ ನಿಯಮಗಳಲ್ಲಿ ಭಾರತ್ ಸ್ಟೇಜ್ 2 ಎಂಬ ಹಂತ ಬೆಂಗಳೂರಿಗೆ 2003ರಲ್ಲಿ ಬಂತು. ಆ ಹಂತದ ಪೆಟ್ರೋಲ್ ಕಾರುಗಳಿಗೆ ಎಮಿಷನ್ ಟೆಸ್ಟ್ ನಡೆಯುವುದೇ ಐಡ್ಲಿಂಗ್‌ನಲ್ಲಿ. ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ. 0.5. ಏರ್ ಸ್ಕ್ರೂ ತಿರುಗಿಸಿ ಈ ಅಂಕಿ ಇಳಿಸಲು ಹೊರಡುವುದು ವ್ಯರ್ಥ. ಅಂಕಿ ಮಿತಿ ಮೀರಿದ್ದರೆ ನೋಡಬೇಕಾದದ್ದು ಆಕ್ಸಿಜನ್ ಸೆನ್ಸರ್, ಟೆಂಪರೇಚರ್ ಸೆನ್ಸರ್, ಇಂಜೆಕ್ಟರ್ ಮತ್ತು ಕೆಟಲಿಟಿಕ್ ಕನ್ವರ್ಟರುಗಳನ್ನು.

ಆಕ್ಸಿಲರೇಟರ್ ಕೇಬಲ್ ಹೋಗಿ ಬಟರ್‌ಫ್ಲೈಯನ್ನೇ ಮೋಟಾರು ತಿರುಗಿಸುವ ಗಾಡಿಗಳಲ್ಲಿ ಈ ಸ್ಕ್ರೂ ಇಲ್ಲ. ಥ್ರಾಟಲ್ ಬಾಡಿ ತೊಳೆದ ಮೇಲೆ ಅಲ್ಲಿ ಐಡ್ಲಿಂಗ್ ಕೆಲಕಾಲ ಏರಿರುವುದುಂಟು: ಮಸಿ ಇದ್ದಾಗ ಕಲಿತ ಲೆಕ್ಕ ಇಸಿಯುವಿನಲ್ಲಿ ಉಳಿದಿರುತ್ತದೆ. ಕೆಲವು ಗಾಡಿಗಳು ಓಡಿಸುತ್ತಾ ಓಡಿಸುತ್ತಾ ಅದನ್ನು ತಾವೇ ತಿದ್ದಿಕೊಳ್ಳುತ್ತವೆ. ಉಳಿದವಕ್ಕೆ ಸ್ಕ್ಯಾನರ್ ಹಾಕಿ ಹೊಸದಾಗಿ ಕಲಿಸಬೇಕು.