ಮನಸ್ಸಿನ ನಿಯಮ ಹುಡುಕಿದ ಕಾರ್ಕ್‌ನ ಮೇಷ್ಟ್ರು: ಜಾರ್ಜ್ ಬೂಲ್

ಡಗ್ಲಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಸಾಫ್ಟ್‌ವೇರ್ ಕೆಲಸದವರು ಬಹಳ ಮಂದಿ. 'ಬೂಲಿಯನ್' ಎಂಬ ಪದವನ್ನು ನಾವು ದಿನಕ್ಕೆ ಎಷ್ಟು ಸಲ ಬಳಸುತ್ತೇವೋ ಲೆಕ್ಕವಿಲ್ಲ. ಆ ಪದದ ಹಿಂದಿರುವ ಜಾರ್ಜ್ ಬೂಲ್ ಇಲ್ಲೇ ಪಕ್ಕದಲ್ಲಿ ಬದುಕಿ, ಪಾಠ ಹೇಳಿ, ಇಲ್ಲೇ ಮಣ್ಣಾದವರು. ಗಣಿತಜ್ಞರೆಂದು ನಾವು ಬಲ್ಲ ಈ ಮಹನೀಯರು ತತ್ವಶಾಸ್ತ್ರಕ್ಕೂ ಮನಃಶಾಸ್ತ್ರಕ್ಕೂ ಸೇತುವೆ ಕಟ್ಟಲು ಹೊರಟವರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಬೂಲ್ ಹುಟ್ಟಿದ್ದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್‌ನಲ್ಲಿ. ತಂದೆ ಚಪ್ಪಲಿ ಹೊಲಿಯುವವರು. ಮನೆಯ ಕಷ್ಟಕ್ಕೆ ಹೆಗಲು ಕೊಡಲು 16ನೇ ವಯಸ್ಸಿಗೇ ಶಾಲಾಮಾಸ್ತರರಾದರು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ, ಪದವಿ ಪಡೆಯಲಿಲ್ಲ. ಉನ್ನತ ಗಣಿತವನ್ನು ಸ್ವಂತ ಓದಿನಿಂದಲೇ ಕಲಿತರು. 1844ರಲ್ಲಿ ರಾಯಲ್ ಸೊಸೈಟಿಯ ಪದಕ ಬಂತು. 1849ರಲ್ಲಿ ಕಾರ್ಕ್‌ನ ಕ್ವೀನ್ಸ್ ಕಾಲೇಜಿಗೆ ಮೊದಲ ಗಣಿತ ಪ್ರಾಧ್ಯಾಪಕರಾಗಿ ಬಂದರು. ಇಂದಿನ ಯೂನಿವರ್ಸಿಟಿ ಕಾಲೇಜ್ ಕಾರ್ಕ್ ಅದೇ.

1854ರಲ್ಲಿ ಅವರ 'ಚಿಂತನೆಯ ನಿಯಮಗಳು' ಗ್ರಂಥ ಹೊರಬಂತು. ತರ್ಕ ಆಗ ತತ್ವಶಾಸ್ತ್ರದ ಅಂಗವಾಗಿತ್ತು. ಯೋಚಿಸುವಾಗ ಮನಸ್ಸು ಯಾವ ನಿಯಮಕ್ಕೆ ಒಳಪಟ್ಟು ನಡೆಯುತ್ತದೆ, ಅದನ್ನು ಬೀಜಗಣಿತದಲ್ಲಿ ಬರೆಯಬಹುದೇ ಎಂಬುದು ಬೂಲ್ ಅವರ ಪ್ರಶ್ನೆ. 'ಬಿಳಿಯ' ಎಂಬ ಗುಣವನ್ನು ಕ್ಷ ಎನ್ನೋಣ. 'ಬಿಳಿಯ, ಬಿಳಿಯ' ಎಂದು ಎರಡು ಬಾರಿ ಆರಿಸಿದರೂ ಸಿಗುವುದು ಅದೇ ಬಿಳಿಯ ವಸ್ತುಗಳು. ಅಂದರೆ ಕ್ಷ × ಕ್ಷ = ಕ್ಷ. ಸಂಖ್ಯೆಗಳಲ್ಲಿ ಈ ನಿಯಮ ಪಾಲಿಸುವವು 0 ಮತ್ತು 1 ಮಾತ್ರ! ಇದೇ ಪುಸ್ತಕದಲ್ಲಿ ಸ್ಪಿನೋಜಾ ಅವರ ವಾದಗಳನ್ನೂ ಬೂಲ್ ತಮ್ಮ ವಿಧಾನದಿಂದ ಪರೀಕ್ಷಿಸಿದರು.

ಕಲ್ಲು ಕೆಳಗೆ ಬೀಳುವ ನಿಯಮವನ್ನು ಮೀರಲಾರದು. ಮನುಷ್ಯ ಮಾತ್ರ ಸರಿಯಾದ ಯೋಚನೆಯ ನಿಯಮವನ್ನು ಮೀರಬಲ್ಲ. ಈ ವ್ಯತ್ಯಾಸವನ್ನು ಬೂಲ್ ತಾವೇ ಗುರುತಿಸಿದ್ದರು. ಮುಂದೆ ಜರ್ಮನಿಯ ಫ್ರೇಗೆ, ತರ್ಕವೇ ಬೇರೆ, ಮನಸ್ಸಿನ ವ್ಯಾಪಾರವೇ ಬೇರೆ ಎಂದು ಖಡಾಖಂಡಿತವಾಗಿ ವಾದಿಸಿದರು. 1966ರಲ್ಲಿ ಮನಃಶಾಸ್ತ್ರಜ್ಞ ಪೀಟರ್ ವೇಸನ್ ನಾಲ್ಕು ಕಾರ್ಡುಗಳ ಒಗಟೊಂದನ್ನು ರೂಪಿಸಿದರು. ಓದಿದವರೂ ಅದರಲ್ಲಿ ಎಡವಿದರು. ನಾವು ಹೇಗೆ ಯೋಚಿಸುತ್ತೇವೆ, ಹೇಗೆ ಯೋಚಿಸಬೇಕು ಎಂಬ ಎರಡು ಪ್ರಶ್ನೆಗಳು ಅಂದಿನಿಂದ ಬೇರೆಬೇರೆ ದಾರಿ ಹಿಡಿದಿವೆ. ನಮ್ಮ ನ್ಯಾಯದರ್ಶನ ಮಾತ್ರ ಇವನ್ನು ಒಟ್ಟಿಗೇ ನೋಡುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಅನುಮಾನ ಅಲ್ಲಿ ವಾದದ ಕ್ರಮವೂ ಹೌದು, ಅರಿವು ಹುಟ್ಟುವ ಬಗೆಯೂ ಹೌದು.

ಭಾರತದ ನಂಟು ಇಲ್ಲಿಗೇ ಮುಗಿಯುವುದಿಲ್ಲ. ಬೂಲ್ 1855ರಲ್ಲಿ ವರಿಸಿದ ಮೇರಿ ಎವರೆಸ್ಟ್, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಅಣ್ಣನದೋ ತಮ್ಮನದೋ ಮಗಳು. ಮಕ್ಕಳ ಕಲಿಕೆಯ ಮನಃಶಾಸ್ತ್ರದ ಬಗ್ಗೆ ಆಕೆ ಪುಸ್ತಕಗಳನ್ನು ಬರೆದರು. 1901ರಲ್ಲಿ ಜಗದೀಶಚಂದ್ರ ಬೋಸರಿಗೆ ಬರೆದ ಪತ್ರದಲ್ಲಿ, ಜಾರ್ಜ್ ಎವರೆಸ್ಟ್ ಅವರ ಮೂಲಕ ಭಾರತೀಯ ಚಿಂತನೆ ತಮ್ಮ ಪತಿಯನ್ನು ಮುಟ್ಟಿತ್ತು ಎಂದರು. ಇದು ಅವರ ಮಾತು. ಇದೊಂದನ್ನೇ ನಂಬಿ ನಾವು ಹೆಮ್ಮೆಯಿಂದ ಬೀಗುವುದು ಬೇಡ.

1864ರಲ್ಲಿ ಬ್ಯಾಲಿಂಟೆಂಪಲ್‌ನ ಮನೆಯಿಂದ ಕಾಲೇಜಿಗೆ ಮಳೆಯಲ್ಲಿ ನಡೆದುಹೋದ ಬೂಲ್ ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ನ್ಯುಮೋನಿಯಾ ಹಿಡಿಯಿತು. ಡಿಸೆಂಬರ್ 8ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದ ಕ್ಲಾಡ್ ಶ್ಯಾನನ್ ಬೂಲ್ ಅವರ ಬೀಜಗಣಿತವನ್ನು ತತ್ವಶಾಸ್ತ್ರದ ತರಗತಿಯಲ್ಲಿ ಕಲಿತು, 1937ರಲ್ಲಿ ವಿದ್ಯುತ್ ಸ್ವಿಚ್ಚುಗಳಿಗೆ ಅನ್ವಯಿಸಿದರು. ಅಲ್ಲಿಂದ ಮುಂದಿನದು ನಮ್ಮೆಲ್ಲರ ಅನ್ನದ ಕಥೆ.

ಯಂತ್ರ ಯೋಚಿಸುತ್ತದೆಯೇ ಎಂದು ಜಗತ್ತೇ ಕೇಳುತ್ತಿರುವ ಈ ದಿನಗಳಲ್ಲಿ, ಮನುಷ್ಯ ಹೇಗೆ ಯೋಚಿಸುತ್ತಾನೆ ಎಂದು ಕೇಳಿದ ಬೂಲ್ ನೆನಪಾಗಬೇಕು. ಅವರ ಸಮಾಧಿ ಬ್ಲ್ಯಾಕ್‌ರಾಕ್‌ನ ಸೇಂಟ್ ಮೈಕೇಲ್ ಚರ್ಚಿನ ಅಂಗಳದಲ್ಲಿದೆ. ಡಗ್ಲಸ್‌ನಿಂದ ದೂರವೇನಲ್ಲ. ಬಿಡುವಾದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿಬನ್ನಿ.