ನೀರು ಬಂದ ನೆಲದ ಕಥೆ



ಮಾನ್ವಿ ಸೀಮೆಯ ಚೀಕಲಪರ್ವಿ ತುಂಗಭದ್ರೆಯ ದಡದ ಗ್ರಾಮ. ವಿಜಯದಾಸರ ಜನ್ಮಸ್ಥಳವೆಂದು ನಾಡಿಗೆಲ್ಲ ಪರಿಚಿತವಾದುದು. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಬಹಮನಿ, ವಿಜಯನಗರ, ಬಿಜಾಪುರದ ಅರಸರು ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದು ಇತಿಹಾಸಪ್ರಸಿದ್ಧ. ಅರಸರು ಬದಲಾದರೂ ಒಕ್ಕಲಿಗನ ಹೊಲದ ಚಹರೆ ಬಹುಕಾಲ ಹೆಚ್ಚು ಬದಲಾಗಲಿಲ್ಲ.

ಎರಡು ನದಿಗಳ ನಡುವೆ ಇದ್ದೂ ಹೊಲಗಳು ಮುಗಿಲನ್ನೇ ನೋಡುತ್ತಿದ್ದವು. ಎರೆಭೂಮಿ ಮಳೆಯ ತೇವವನ್ನು ತನ್ನ ಒಡಲಲ್ಲಿ ಕಾಪಾಡುತ್ತಿತ್ತು. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಆ ತೇವದಲ್ಲಿಯೇ ತೆನೆಯಾಗುತ್ತಿತ್ತು. ಜೊತೆಗೆ ಕಡಲೆ, ಕುಸುಬೆ, ಹತ್ತಿ. ಮನುಷ್ಯನಿಗೆ ಕಾಳು, ಎತ್ತಿಗೆ ಕಣಿಕೆ, ಬರಗಾಲಕ್ಕೆ ಹಗೇವು. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲುವ ಆಚರಣೆ ಈ ಬದುಕಿನ ಕೃತಜ್ಞತೆಯ ರೂಪವೇ ಆಗಿದೆ.

1945ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. 1953ರಲ್ಲಿ ನೀರು ಹರಿಯಿತು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದವರ ಉದ್ದೇಶ ಬರವನ್ನು ನೀಗಿಸುವುದು. ಬಹುಪಾಲು ಭೂಮಿಗೆ ಜೋಳ, ಹತ್ತಿಯಂತಹ ಅಲ್ಪ ನೀರಿನ ಬೆಳೆಗಳೇ ನಿಗದಿಯಾಗಿದ್ದವು. ಆದರೆ ಆಂಧ್ರದ ಕರಾವಳಿಯಿಂದ ಬಂದ ರೈತರು ಭತ್ತದ ಬೇಸಾಯದಲ್ಲಿ ನುರಿತವರು. ಅವರ ಕ್ಯಾಂಪುಗಳು ಬೆಳೆದವು. ಲಾಭವನ್ನು ಕಂಡು ಸ್ಥಳೀಯರೂ ಗದ್ದೆ ಮಾಡಿದರು. ಇದರಲ್ಲಿ ಒಬ್ಬರನ್ನೇ ದೂಷಿಸುವುದು ನ್ಯಾಯವಲ್ಲ. ಬರಗಾಲವನ್ನು ಕಂಡವನಿಗೆ ಕಾಲುವೆಯ ನೀರು ಅಮೃತವೇ ಸರಿ.

ಆದರೆ ಅಮೃತಕ್ಕೂ ಮಿತಿಯುಂಟು. ಬಸಿದುಹೋಗದ ನೀರು ಎರೆಯಲ್ಲಿ ನಿಂತು, ಅಡಿಯ ಲವಣವನ್ನು ಮೇಲಕ್ಕೆ ತಂದಿತು. ಸಿಂಧನೂರು, ಮಾನ್ವಿ ಭಾಗಗಳಲ್ಲಿ ಫಲವತ್ತಾದ ಹೊಲಗಳು ಜೌಗಾದವು, ಸವಳಾದವು. ಮೇಲ್ಭಾಗದವರು ಭತ್ತಕ್ಕೆ ನೀರನ್ನು ಹಿಡಿದಿಟ್ಟರೆ, ಕಾಲುವೆಯ ಕೊನೆಯ ಮಾನ್ವಿ, ರಾಯಚೂರು ಕಡೆಯ ರೈತನಿಗೆ ಒಣ ಕಾಲುವೆಯೇ ಗತಿ. ಇತ್ತ ಹೂಳು ತುಂಬಿ, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ ಅದರ 19ನೆಯ ಗೇಟು ಕೊಚ್ಚಿಹೋದಾಗ, ಲಕ್ಷಾಂತರ ಜನರ ಅನ್ನ ಎಂತಹ ತೆಳುವಾದ ಆಸರೆಯ ಮೇಲೆ ನಿಂತಿದೆಯೆಂಬುದು ಎಲ್ಲರಿಗೂ ತಿಳಿಯಿತು.

ಹಾಗಾದರೆ ಹಿಂದಿನ ಕಾಲಕ್ಕೆ ಮರಳಬೇಕೆ? ಅದು ಸಾಧ್ಯವೂ ಅಲ್ಲ, ಬರಗಾಲದ ದಿನಗಳನ್ನು ಬಯಸುವುದು ಸಾಧುವೂ ಅಲ್ಲ. ಬೇಸಾಯವನ್ನೇ ಕಾಯಕವಾಗಿಸಿಕೊಂಡ ಒಕ್ಕಲಿಗ ಮುದ್ದಣ್ಣನಂತಹ ಶರಣರ ಪರಂಪರೆ ನಮ್ಮದು. ಕಾಯಕಕ್ಕೆ ದಾಸೋಹ ಜೊತೆಗೂಡದಿದ್ದರೆ ಅದು ಬರಿಯ ಸಂಪಾದನೆ. ಪಂಕ್ತಿಯಲ್ಲಿ ಮೊದಲು ಕುಳಿತವನು ಕಡೆಯವನ ಎಲೆಯನ್ನೂ ನೆನೆಯಬೇಕೆಂಬುದನ್ನು ಮಠದ ದಾಸೋಹದಲ್ಲಿ ಉಂಡು ಬೆಳೆದ ನಿಮಗೆ ಹೇಳಬೇಕಾಗಿಲ್ಲ. ಕಾಲುವೆಯೂ ಒಂದು ಪಂಕ್ತಿಯೇ. ನಿಮ್ಮ ಹೊಲದ ತೂಬನ್ನು ಎತ್ತುವಾಗ ಕೊನೆಯ ಹೊಲದವನನ್ನು ನೆನೆಯಿರಿ. ಒಂದೆರಡು ಎಕರೆಗಾದರೂ ಜೋಳವನ್ನು ಮರಳಿ ತನ್ನಿರಿ. ನೆಲ ಉಳಿದರೆ ನಾವು ಉಳಿದೇವು.