ಎಣಿಕೆಪ್ರಾಸಗಳು

ಕಣ್ಣಾಮುಚ್ಚಾಲೆ, ಮುಟ್ಟಾಟದಂಥ ಆಟಗಳಲ್ಲಿ ಕಳ್ಳ ಯಾರಾಗಬೇಕೆಂದು ತೀರ್ಮಾನಿಸಲು ಮಕ್ಕಳು ಒಬ್ಬೊಬ್ಬರನ್ನೇ ಮುಟ್ಟುತ್ತ ಹೇಳುವ ಪುಟ್ಟ ಪದ್ಯಗಳು. ಬಡಿತಕ್ಕೊಬ್ಬರಂತೆ ಬೆರಳು ಸಾಗುತ್ತದೆ. ಕೊನೆಯ ಬಡಿತ ಯಾರ ಮೇಲೆ ಬೀಳುತ್ತದೋ ಅವರು ಔಟು, ಇಲ್ಲವೇ ಅವರೇ ಕಳ್ಳ. ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವುದು ‘ಅವಲಕ್ಕಿ ಪವಲಕ್ಕಿ’. ಮಕ್ಕಳು ದುಂಡಗೆ ಕೂತು ಅಂಗೈಗಳನ್ನು ನೆಲಕ್ಕೆ ಊರುತ್ತಾರೆ. ಒಬ್ಬರು ಕೈಗಳನ್ನು ಸಾಲಾಗಿ ತಟ್ಟುತ್ತ ಹೋಗುತ್ತಾರೆ. ಪದ್ಯ ಯಾವ ಕೈಯ ಮೇಲೆ ಮುಗಿಯಿತೋ ಆ ಕೈಯನ್ನು ತೆಗೆದುಬಿಡಬೇಕು. ಪದಗಳಲ್ಲಿ ಹೆಚ್ಚಿನವಕ್ಕೆ ಅರ್ಥವಿಲ್ಲ, ನಾದವಿದೆ. ಫ್ರೆಂಚ್, ಜರ್ಮನ್, ಹಿಂದಿ ಮಕ್ಕಳ ಪ್ರಾಸಗಳಲ್ಲೂ ಹೀಗೆಯೇ.

ಇವುಗಳ ಮೊದಲ ದೊಡ್ಡ ಸಂಗ್ರಹ ಅಮೆರಿಕದ ರಸಾಯನಶಾಸ್ತ್ರಜ್ಞ ಹೆನ್ರಿ ಕ್ಯಾರಿಂಗ್ಟನ್ ಬೋಲ್ಟನ್ ಅವರದು. 1888ರ ಅವರ ಪುಸ್ತಕದಲ್ಲಿ ಹಲವು ಭಾಷೆಗಳ ಎಂಟುನೂರಕ್ಕೂ ಮಿಕ್ಕ ಪ್ರಾಸಗಳಿವೆ. ಹಿಂದಿನ ಕಾಲದ ಹಿರಿಯರು ದೈವದ ಇಚ್ಛೆ ತಿಳಿಯಲು ಚೀಟಿ ಎತ್ತಿ ಆರಿಸುತ್ತಿದ್ದ ಪದ್ಧತಿಯೇ ಮಕ್ಕಳಾಟದಲ್ಲಿ ಉಳಿದಿದೆ ಎಂಬುದು ಬೋಲ್ಟನ್ನರ ವಾದ. ಆಕರ್ಷಕ ವಾದ, ಆದರೆ ನಡುವಿನ ಕೊಂಡಿಗಳಿಗೆ ಪುರಾವೆಯಿಲ್ಲ.

ಇನ್ನೊಂದು ಊಹೆ ಇವುಗಳ ಮೂಲವನ್ನು ಕುರಿಗಾಹಿಗಳ ಎಣಿಕೆಯಲ್ಲಿ ಕಾಣುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ಕುರಿ ಎಣಿಸಲು ಬೇರೆಯೇ ಸಂಖ್ಯಾಪದಗಳಿದ್ದವು. ಅಲ್ಲಿ ಐದಕ್ಕೆ ‘ಪಿಂಪ್’; ಕೆಲ್ಟಿಕ್ ಬಳಗದ ವೇಲ್ಸ್ ಭಾಷೆಯಲ್ಲೂ ಐದರ ಉಚ್ಚಾರ ಹೆಚ್ಚುಕಡಿಮೆ ಅದೇ. ಹದಿನಾರನ್ನು ಎರಡೂ ಕಡೆ ‘ಹದಿನೈದರ ಮೇಲೊಂದು’ ಎಂಬಂತೆ ಕಟ್ಟುತ್ತಾರೆ. ಈ ಹೋಲಿಕೆ ನಿಜ. ಆದರೆ ಅದರಿಂದ ಮಕ್ಕಳ ಪ್ರಾಸಗಳೆಲ್ಲ ಪುರಾತನ ಕೆಲ್ಟಿಕ್ ಎಣಿಕೆಯ ಅವಶೇಷ ಎಂದು ಹೇಳಲಾಗದು.

ಹರಡಿದ ಬಗೆಯ ಬಗ್ಗೆ ಗಟ್ಟಿ ಆಧಾರ ಒದಗಿಸಿದವರು ಬ್ರಿಟನ್ನಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿ. ಸುಮಾರು 70 ಶಾಲೆಗಳ 5,000 ಮಕ್ಕಳಿಂದ ಮಾಹಿತಿ ಪಡೆದು ಅವರು 1959ರಲ್ಲಿ ಪ್ರಕಟಿಸಿದ ಗ್ರಂಥ, ಇಂಥ ಪದ್ಯಗಳು ಮಕ್ಕಳಿಂದ ಮಕ್ಕಳಿಗೇ ದಾಟುತ್ತವೆಂದು ತೋರಿಸಿತು. ದೊಡ್ಡವರು ಕಲಿಸಬೇಕಿಲ್ಲ. ‘ಈನಿ ಮೀನಿ ಮೈನಿ ಮೋ’ ಇಂಗ್ಲಿಷಿನ ಜೊತೆ ನಮ್ಮ ಶಾಲೆಗಳ ಅಂಗಳಕ್ಕೂ ಬಂತು. ಅಮೆರಿಕದಲ್ಲಿ ಅದರೊಳಗೆ ಕರಿಯರನ್ನು ಹೀಗಳೆಯುವ ಪದವೊಂದಿತ್ತು. 20ನೇ ಶತಮಾನದಲ್ಲಿ ಆ ಜಾಗಕ್ಕೆ ಹುಲಿ ಬಂತು. ಅವಮಾನ ತೊಲಗಿತು, ಬಡಿತ ಕೆಡಲಿಲ್ಲ. ಲಯ ಮತ್ತು ಪ್ರಾಸಗಳ ಬಿಗಿಯೇ ಇವನ್ನು ನೆನಪಿನಲ್ಲಿ ಕಾಪಾಡುತ್ತದೆಂದು ಮನೋವಿಜ್ಞಾನಿ ಡೇವಿಡ್ ರೂಬಿನ್ 1995ರಲ್ಲಿ ವಿವರಿಸಿದರು.

ಇದು ಅದೃಷ್ಟದ ಆಟವೇ? ಬಡಿತಗಳ ಸಂಖ್ಯೆಯನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವೇ ಫಲ. 16 ಬಡಿತ, 5 ಮಕ್ಕಳಾದರೆ ಮೊದಲನೆಯವರು. 6 ಮಕ್ಕಳಾದರೆ ನಾಲ್ಕನೆಯವರು. ಜಾಣ ಮಕ್ಕಳಿಗೆ ಇದು ಗೊತ್ತು. ಬೇಡವಾದವರ ಮೇಲೆ ಪದ್ಯ ಮುಗಿಯುವಂತಿದ್ದರೆ ಅವರು ಇನ್ನೊಂದು ಸಾಲು ಸೇರಿಸುತ್ತಾರೆಂದು ಫಿಲಡೆಲ್ಫಿಯಾದಲ್ಲಿ ಅಧ್ಯಯನ ಮಾಡಿದ ಜಾನಪದ ವಿದ್ವಾಂಸ ಕೆನೆತ್ ಗೋಲ್ಡ್‌ಸ್ಟೈನ್ 1971ರಲ್ಲಿ ಬರೆದಿದ್ದಾರೆ. ಆದ್ದರಿಂದ ಕನ್ನಡದ ಪ್ರಾಸಗಳನ್ನು ಸಂಗ್ರಹಿಸುವವರು ಪಾಠವನ್ನಷ್ಟೇ ಬರೆದುಕೊಂಡರೆ ಸಾಲದು. ಎಷ್ಟು ಮಕ್ಕಳಿದ್ದರು, ಬೆರಳು ಯಾರಿಂದ ಹೊರಟಿತು, ಎಲ್ಲಿ ನಿಂತಿತು ಎಂಬುದನ್ನೂ ದಾಖಲಿಸಬೇಕು.